ಬೆಟ್ಟದ ಅನುಜ್ಞೆ

ಜಪಾನ್ ದೇಶದ ಹೊನ್ಶು ದ್ವೀಪದ ಉತ್ತರಭಾಗದಲ್ಲಿ, ಯಾಮಾಗಾತಾ ಪ್ರಾಂತದಲ್ಲಿ, ಗಸ್ಸಾನ್ ಎಂಬ ಪರ್ವತವೊಂದಿದೆ. ಎತ್ತರ 1,984 ಮೀಟರ್. ನಮ್ಮ ಮುಳ್ಳಯ್ಯನಗಿರಿಗಿಂತ ತುಸುವೇ ಹೆಚ್ಚು. ಆದರೆ ಚಳಿಗಾಲದಲ್ಲಿ ಸೈಬೀರಿಯದ ಕಡೆಯಿಂದ ಹೊರಡುವ ಶೀತಮಾರುತವು ಜಪಾನ್ ಸಮುದ್ರವನ್ನು ದಾಟುವಾಗ ತೇವವನ್ನು ಹೀರಿಕೊಂಡು ಬಂದು, ಎದುರಿಗೆ ಅಡ್ಡಲಾಗಿ ನಿಂತ ಈ ಪರ್ವತದ ಮೇಲೆ ಅದನ್ನೆಲ್ಲ ಹಿಮವಾಗಿ ಸುರಿದುಬಿಡುವುದರಿಂದ, ಅಲ್ಲಿ ಹಿಮದ ರಾಶಿ ಎಷ್ಟು ಬೆಳೆಯುವುದೆಂದರೆ, ಬೇರೆ ಪರ್ವತಗಳಲ್ಲಿ ಸ್ಕೀ ಆಟಕ್ಕೆ ಹೇಳಿ ಮಾಡಿಸಿದ ಮಾಘ ಫಾಲ್ಗುಣಗಳಲ್ಲಿ ಇದರ ಬುಡಕ್ಕೆ ಹೋಗುವ ದಾರಿಯೇ ಮುಚ್ಚಿಹೋಗಿರುತ್ತದೆ. ಏಪ್ರಿಲ್ ಎರಡನೆಯ ವಾರದ ಸುಮಾರಿಗೆ ದಾರಿ ತೆರವಾಗುತ್ತದೆ. ಉಳಿದೆಡೆಗಳಲ್ಲಿ ಆಟ ಮುಗಿಯುತ್ತಿರುವಾಗ ಇಲ್ಲಿ ಆರಂಭವಾಗಿ, ಜುಲೈ ತಿಂಗಳವರೆಗೂ ನಡೆಯುತ್ತದೆ. ಹಿಮವಿದ್ದೂ ವಸಂತವನ್ನು ಕಾಯಬೇಕಾದ ಪರ್ವತ ಇದು.

ಸಕಲೇಶಪುರ ಸೀಮೆಯ ಬಿಸಿಲೆ ಘಾಟಿಯ ಕಡೆಗೆ ಹೋಗುವ ದಾರಿಯಲ್ಲಿ ನನಗೆ ಬಹುಕಾಲದಿಂದ ಪರಿಚಿತವಾದ ಒಂದು ಕಾಫಿ ತೋಟದ ಮನೆಯಿದೆ. ಆ ಮನೆಯವರು ಈ ಸಲ ಗಸ್ಸಾನಿಗೆ ಹೋಗಿಬರಬೇಕೆಂದು ಸಿದ್ಧತೆ ನಡೆಸಿದ್ದಾರೆ. ಮಲೆನಾಡಿನವರಿಗೆ ಹಿಮದ ಆಟವೆಲ್ಲಿಯದು ಎನ್ನುವ ಕಾಲ ಈಗ ಉಳಿದಿಲ್ಲ; ನಮ್ಮ ನೆರೆಯ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಸ್ಕೀ ಓಟದಲ್ಲಿ ಭಾರತವನ್ನೇ ಪ್ರತಿನಿಧಿಸಿದ್ದಾರೆ. ಆದುದರಿಂದ ಅವರ ಹಂಬಲ ನನಗೆ ವಿಚಿತ್ರವಾಗಿ ತೋರಲಿಲ್ಲ. ಗಸ್ಸಾನ್ ಬರಿಯ ಹಿಮಪರ್ವತವಲ್ಲ, ಜಪಾನಿಗಳು ಸಾವಿರ ವರ್ಷಕ್ಕೂ ಹಿಂದಿನಿಂದ ಪೂಜಿಸುತ್ತ ಬಂದ ದೇವರ ಬೆಟ್ಟವೆಂಬುದನ್ನು ಮೊಮ್ಮಗ ಮನೆಯವರಿಗೆ ಓದಿ ಹೇಳುತ್ತಿದ್ದಾಗ, ಮನೆಯ ಹಿರಿಯಾಕೆ ಕೇಳಿದ ಮಾತು ಮಾತ್ರ ನನ್ನ ಮನಸ್ಸಿನಲ್ಲಿ ಬೇರೂರಿಬಿಟ್ಟಿತು. “ದೇವ್ರು ಬೆಟ್ಟ ಅಂತೀಯ, ಅದ್ರ ಮೇಲೆ ಜಾರಾಡಾಕೆ ಹೋಗ್ತಾರೇನ್ಲಾ ಮಗ?”

ಇದು ನಗೆಯಿಂದ ತೇಲಿಸಿಬಿಡುವ ಪ್ರಶ್ನೆಯಲ್ಲ. ದೈವಸನ್ನಿಧಿಯೆಂದು ನಂಬಿದ ಸ್ಥಳದಲ್ಲಿ ಮನುಷ್ಯನು ಕೇವಲ ಸಂತೋಷಕ್ಕಾಗಿ ವಿಹರಿಸಬಹುದೇ? ವಿಹರಿಸಿದರೆ ಆ ಸ್ಥಳದ ಪಾವಿತ್ರ್ಯಕ್ಕೆ ಕುಂದು ಬರುವುದೇ, ಅಥವಾ ವಿಹರಿಸಿದವನ ಅಂತರಂಗಕ್ಕೆ ಮಾತ್ರವೇ? ಬೆಟ್ಟಗಳ ನಡುವೆ ಬಾಳುವ ನಮಗೆ ಈ ಪ್ರಶ್ನೆ ಜಪಾನಿನವರೆಗೆ ಹೋಗದೆಯೂ ಎದುರಾಗತಕ್ಕದ್ದು. ಬಿಸಿಲೆಯ ಘಾಟಿಯಂಚಿನಲ್ಲಿ ನಿಂತು ನೋಡಿದರೆ ಕಣಿವೆಯ ಆಚೆಗೆ 1,712 ಮೀಟರ್ ಎತ್ತರದ ಕುಮಾರಪರ್ವತ ಕಾಣುತ್ತದೆ. ತಾರಕಾದಿ ದೈತ್ಯರನ್ನು ಸಂಹರಿಸಿದ ಷಣ್ಮುಖನು ತನ್ನ ಶಕ್ತ್ಯಾಯುಧವನ್ನು ತೊಳೆದದ್ದು ಅದರ ತಪ್ಪಲಿನ ಕುಮಾರಧಾರೆಯಲ್ಲಿ, ದೇವಸೇನೆಯ ಕೈಹಿಡಿದದ್ದು ಮಾರ್ಗಶಿರ ಶುದ್ಧ ಷಷ್ಠಿಯಂದು ಆ ಪರ್ವತದ ಮೇಲೆ ಎಂಬುದು ಕುಕ್ಕೆಯ ಸ್ಥಳಪುರಾಣ. ಅದೇ ಪರ್ವತಕ್ಕೆ 2024ರ ಜನವರಿಯ ಕೊನೆಯ ರಜೆಗಳಲ್ಲಿ ಚಾರಣಿಗರು ಎಂತಹ ಸಂಖ್ಯೆಯಲ್ಲಿ ನುಗ್ಗಿದರೆಂದರೆ, ಕಾಲುದಾರಿಯಲ್ಲಿ ಒತ್ತೊತ್ತಾಗಿ ನಿಂತ ಜನರ ಚಿತ್ರ ನಾಡಿನಲ್ಲೆಲ್ಲ ಹರಡಿ, ಆನ್‌ಲೈನ್ ನೋಂದಣಿಯ ವ್ಯವಸ್ಥೆಯಿಲ್ಲದ ಚಾರಣಗಳನ್ನು ಸರ್ಕಾರವು ತಾತ್ಕಾಲಿಕವಾಗಿ ತಡೆಹಿಡಿಯಬೇಕಾಯಿತು. ಅಲ್ಲಿ ನಿಂತಿದ್ದವರಲ್ಲಿ ಭಕ್ತರೆಷ್ಟು, ವಿಹಾರಿಗಳೆಷ್ಟು ಎಂದು ಯಾರು ವಿಂಗಡಿಸಬಲ್ಲರು?

ಗಸ್ಸಾನಿನ ವಿಚಾರವನ್ನು ಇನ್ನಷ್ಟು ಹೇಳಬೇಕು. ಏಕೆಂದರೆ ಅದರ ಶ್ರದ್ಧಾಪರಂಪರೆ ನಮ್ಮಿಂದ ಬಹು ದೂರದ್ದಲ್ಲ. ಹಿಂದಿನ ದೇವಾ ಪ್ರಾಂತದ ಮೂರು ಪರ್ವತಗಳೆಂದು ಪ್ರಸಿದ್ಧವಾದವುಗಳಲ್ಲಿ ಅದು ಅತ್ಯುನ್ನತವಾದುದು. ಉಳಿದೆರಡು ಹಾಗುರೋ ಮತ್ತು ಯುದೊನೊ. ಪರ್ವತತಪಸ್ಸನ್ನೇ ಸಾಧನೆಯನ್ನಾಗಿ ಮಾಡಿಕೊಂಡ ಶುಗೆಂದೋ ಎಂಬ ಪಂಥದವರು ಹಾಗುರೋ, ಗಸ್ಸಾನ್, ಯುದೊನೊಗಳಲ್ಲಿ ಕ್ರಮವಾಗಿ ಅವಲೋಕಿತೇಶ್ವರ, ಅಮಿತಾಭ, ಮಹಾವೈರೋಚನರ ಸನ್ನಿಧಿಯನ್ನು ಕಂಡರು. ಹಾಗುರೋ ಈ ಲೋಕದ ಬಾಳು, ಗಸ್ಸಾನ್ ಮೃತರ ಲೋಕ, ಯುದೊನೊ ಪುನರ್ಜನ್ಮ. ಯಾತ್ರಿಕನು ಉಡುವ ಶ್ವೇತವಸ್ತ್ರವು ಶವಕ್ಕೆ ಉಡಿಸುವ ವಸ್ತ್ರ; ಅವನು ಹಿಂದಿನ ತನ್ನನ್ನು ಗಸ್ಸಾನಿನಲ್ಲಿ ಬಿಟ್ಟು, ಯುದೊನೊದಲ್ಲಿ ಹೊಸ ಜನ್ಮ ಪಡೆದು ಇಳಿಯುತ್ತಾನೆ. ಗಸ್ಸಾನಿನ ಶಿಖರದ ಗುಡಿಯ ಅಧಿದೇವತೆ ಚಂದ್ರದೇವನಾದ ತ್ಸುಕುಯೊಮಿ. ಈ ಪಂಥದವರು ಅಗ್ನಿಯಲ್ಲಿ ಆಹುತಿ ಕೊಡುವ ವಿಧಿಯನ್ನು ಗೋಮ ಎನ್ನುತ್ತಾರೆ; ಅದು ನಮ್ಮ ಹೋಮವೇ, ಬೌದ್ಧತಂತ್ರದ ದಾರಿಯಲ್ಲಿ ಚೀನವನ್ನು ಹಾದು ಅಲ್ಲಿಗೆ ಮುಟ್ಟಿದೆ. ನಮ್ಮ ಕುಮಾರಪರ್ವತದ ಸ್ವಾಮಿಯೂ ಅಲ್ಲಿಗೆ ಹೋಗಿದ್ದಾನೆ. ಬೌದ್ಧಧರ್ಮದೊಡನೆ ಜಪಾನನ್ನು ಸೇರಿದ ಸ್ಕಂದನನ್ನು ಅವರು ಇದಾತೆನ್ ಎಂದು ಕರೆದು, ಮಠಗಳ ರಕ್ಷಕನೆಂದೂ ವೇಗದ ದೇವತೆಯೆಂದೂ ಪೂಜಿಸುತ್ತಾರೆ; ಇಂದಿಗೂ ಬಹು ಜೋರಾಗಿ ಓಡುವವನನ್ನು ಇದಾತೆನ್ ಎಂದು ಹೊಗಳುವುದುಂಟು. ಬಿಸಿಲೆಯ ಎದುರಿಗೆ ನಿಂತ ಪರ್ವತದ ದೇವನೇ ಹಿಮದ ನಾಡಿನಲ್ಲಿ ವೇಗಕ್ಕೆ ಅಧಿಪತಿಯಾಗಿರುವುದನ್ನು ನೆನೆದಾಗ ನನಗೆ ರೋಮಾಂಚನವಾಗುತ್ತದೆ.

ಇಂತಹ ಪರ್ವತದ ಮೇಲೆ ಸ್ಕೀ ಎಂಬುದು ತೀರ ಹೊಸದು. ಆಸ್ಟ್ರಿಯದ ಸೇನಾಧಿಕಾರಿ ಥಿಯೊಡೊರ್ ಫಾನ್ ಲೆರ್ಖ್ ಎಂಬಾತನು ಜಪಾನಿನ ತಕಾದಾ ಪಟ್ಟಣದಲ್ಲಿ ಅಲ್ಲಿಯ ಸೈನಿಕರಿಗೆ ಅದನ್ನು ಕಲಿಸಲಾರಂಭಿಸಿದ್ದು 1911ರ ಜನವರಿಯಲ್ಲಿ. ಯಾತ್ರಿಕರ ಪಾದಗಳು ಶತಮಾನಗಳ ಕಾಲ ತುಳಿದ ಬೆಟ್ಟದ ಮೇಲೆ ಸ್ಕೀ ಹಲಗೆಗಳ ಗೆರೆ ಬಿದ್ದದ್ದು ನಿನ್ನೆ ಮೊನ್ನೆಯ ಸಂಗತಿ.

ಹಿರಿಯಾಕೆಯ ಪ್ರಶ್ನೆಗೆ ಎರಡು ಸುಲಭವಾದ ಉತ್ತರಗಳಿವೆ. ಎರಡೂ ನನಗೆ ಸಮ್ಮತವಲ್ಲ. ಬೆಟ್ಟವೆಂದರೆ ಕಲ್ಲುಮಣ್ಣಿನ ರಾಶಿ, ಪಾವಿತ್ರ್ಯವೆಂಬುದು ಮನುಷ್ಯನ ಕಲ್ಪನೆ, ಆದುದರಿಂದ ಆಡುವವರು ಆಡಲಿ ಎಂಬುದೊಂದು. ಬೆಟ್ಟಗಳಲ್ಲಿ ಹುಟ್ಟಿ ಬೆಳೆದವನು ಈ ಮಾತನ್ನು ಪೂರ್ಣ ವಿಶ್ವಾಸದಿಂದ ಆಡಲಾರ. ಮಂಕನಹಳ್ಳಿಯ ಬಳಿ ಬಿಸಿಲೆಯ ದಾರಿಯಲ್ಲಿ ಒಂದು ಏಣಿನ ಮೇಲೆ ಗುರುತಿನ ಕಲ್ಲು ನಿಂತಿದೆ; ಅಲ್ಲಿ ಸುರಿದ ಮಳೆ ಒಂದು ಮಗ್ಗುಲಿಗೆ ಹರಿದರೆ ಅರಬ್ಬಿ ಸಮುದ್ರವನ್ನೂ, ಇನ್ನೊಂದು ಮಗ್ಗುಲಿಗೆ ಹರಿದರೆ ಕಾವೇರಿಯೊಡಗೂಡಿ ಬಂಗಾಳ ಕೊಲ್ಲಿಯನ್ನೂ ಸೇರುತ್ತದೆ. ಒಂದೇ ಮೋಡದ ನೀರಿಗೆ ಎರಡು ಸಮುದ್ರಗಳ ಗತಿಯನ್ನು ನಿಶ್ಚಯಿಸುವ ನೆಲದ ಮೇಲೆ ನಿಂತವನಿಗೆ, ತನ್ನ ಇಚ್ಛೆಗಿಂತ ಹಿರಿದಾದ ಒಂದು ವಿಧಾನ ಇಲ್ಲಿ ನಡೆಯುತ್ತಿದೆಯೆಂಬ ಭಾವ ಬಾರದಿರುವುದು ಕಷ್ಟ. ಮತ್ತು ಪಾವಿತ್ರ್ಯದ ಮೂಲ ಆ ಭಾವದಲ್ಲಿಯೇ ಇದೆಯೆಂದು ನನ್ನ ನಂಬಿಕೆ.

ಎರಡನೆಯ ಉತ್ತರ ಇದಕ್ಕೆ ವಿರುದ್ಧವಾದುದು: ದೇವರ ಬೆಟ್ಟದ ಮೇಲೆ ಆಟ ಅಪಚಾರ, ವ್ರತವಿಲ್ಲದವನು ಅದನ್ನು ಮೆಟ್ಟಲೇಬಾರದು. ಆದರೆ ಪಾವಿತ್ರ್ಯದ ಕಾವಲು ಕಾಯುವವರು ಯಾರನ್ನು ಹೊರಗಿಟ್ಟರೆಂಬುದನ್ನು ನಾವು ಮರೆಯಲಾಗದು. ಜಪಾನಿನ ಎಷ್ಟೋ ಪುಣ್ಯಪರ್ವತಗಳಿಗೆ ಸ್ತ್ರೀಯರು ಹೋಗಬಾರದೆಂಬ ನಿಷೇಧವಿತ್ತು. ಅದನ್ನು ಅಲ್ಲಿಯ ಸರ್ಕಾರ ರದ್ದುಮಾಡಿದ್ದು 1872ರಲ್ಲಿ. ಶುಗೆಂದೋ ಪಂಥವನ್ನೇ ನಿಷೇಧಿಸಿದ್ದೂ ಅದೇ ವರ್ಷ. ಒಂದು ಅನ್ಯಾಯವನ್ನು ತೊಡೆದ ಕೈ ಇನ್ನೊಂದನ್ನು ಎಸಗಿತು. ಗುಡಿಯ ಹೊಸ್ತಿಲಿನಾಚೆ ಜನರನ್ನು ನಿಲ್ಲಿಸಿದ ನಮ್ಮ ಇತಿಹಾಸವನ್ನು ನಾನು ಇಲ್ಲಿ ವಿವರಿಸಬೇಕಾಗಿಲ್ಲ. ಹನ್ನೆರಡನೆಯ ಶತಮಾನದ ಶರಣರು ಸ್ಥಾವರವನ್ನು ಬಿಟ್ಟು ಜಂಗಮವನ್ನು ಹಿಡಿದುದಕ್ಕೆ ಆ ಹೊಸ್ತಿಲೂ ಒಂದು ಕಾರಣವಾಗಿತ್ತು. ಇಂದು ಗಸ್ಸಾನಿನ ಹಿಮದ ಮೇಲೆ ಹೆಣ್ಣುಮಕ್ಕಳು ಯಾರ ಅಪ್ಪಣೆಯನ್ನೂ ಕೇಳದೆ ಇಳಿಯುತ್ತಾರಾದರೆ ಅದನ್ನು ಪಾವಿತ್ರ್ಯಹಾನಿಯೆಂದು ನಾನು ಎಂದಿಗೂ ಕರೆಯಲಾರೆ.

ಹಾಗಾದರೆ ಆಟದ ಸ್ಥಾನವೇನು? ನಮ್ಮ ದರ್ಶನಪರಂಪರೆ ಆಟವನ್ನು ಕೀಳಾಗಿ ಕಂಡಿಲ್ಲ. ಅದನ್ನು ಪರಮಾತ್ಮನಿಗೇ ಆರೋಪಿಸಿದೆ. ಬಾದರಾಯಣರ ಬ್ರಹ್ಮಸೂತ್ರಗಳ ಎರಡನೆಯ ಅಧ್ಯಾಯದಲ್ಲಿ, ಪೂರ್ಣಕಾಮನಾದ ಈಶ್ವರನಿಗೆ ಈ ಜಗತ್ತನ್ನು ಸೃಷ್ಟಿಸುವುದರಿಂದ ಆಗಬೇಕಾದ ಪ್ರಯೋಜನವೇನು ಎಂಬ ಆಕ್ಷೇಪವನ್ನು ಎತ್ತಿಕೊಂಡು, ಅದು ಕೇವಲ ಲೀಲೆಯೆಂದು ಸಮಾಧಾನ ಹೇಳಲಾಗಿದೆ. ಎಲ್ಲ ಕಾಮನೆಗಳೂ ಈಡೇರಿದ ರಾಜನು ಬೇರಾವ ಪ್ರಯೋಜನವನ್ನೂ ಬಯಸದೆ ಕ್ರೀಡಾವಿಹಾರಗಳಲ್ಲಿ ತೊಡಗುವಂತೆಯೂ, ಉಚ್ಛ್ವಾಸ ನಿಶ್ವಾಸಗಳು ಸ್ವಭಾವದಿಂದಲೇ ನಡೆಯುವಂತೆಯೂ, ಎಂದು ಶಂಕರಾಚಾರ್ಯರು ಭಾಷ್ಯದಲ್ಲಿ ಇದನ್ನು ವಿವರಿಸುತ್ತಾರೆ. ಈ ದೃಷ್ಟಿಯಿಂದ ನೋಡಿದರೆ, ಮೊಕದ್ದಮೆ ಗೆಲ್ಲಿಸೆಂದು, ಬೆಳೆಗೆ ಬೆಲೆ ಬರಿಸೆಂದು ಹರಕೆ ಹೊತ್ತು ಬೆಟ್ಟ ಹತ್ತುವ ಯಾತ್ರಿಕನಿಗಿಂತ, ಏನನ್ನೂ ಬೇಡದೆ ಹಿಮದ ಇಳಿಜಾರಿನಲ್ಲಿ ಆನಂದದಿಂದ ಜಾರಿ ಬರುವವನು ದೈವಸ್ವಭಾವಕ್ಕೆ ಸಮೀಪನೆಂದೇ ಹೇಳಬೇಕಾದೀತು. ನಮ್ಮ ದೇವರುಗಳಾದರೂ ಆಟವನ್ನು ಒಲ್ಲದವರಲ್ಲ. ಅವರನ್ನು ತೇರಿನಲ್ಲಿ ಎಳೆಯುತ್ತೇವೆ, ತೆಪ್ಪದಲ್ಲಿ ತೇಲಿಸುತ್ತೇವೆ, ಉಯ್ಯಾಲೆಯಲ್ಲಿ ತೂಗುತ್ತೇವೆ, ವಸಂತ ಬಂದೊಡನೆ ಓಕುಳಿಯಾಡಿಸುತ್ತೇವೆ.

ಆದರೆ ಈ ವಾದವು ನಮ್ಮ ಕಾಲದ ವಿಹಾರಿಗೆ ಅಷ್ಟು ಸಲೀಸಾಗಿ ಹೊಂದುವುದಿಲ್ಲ. ಅವನು ಏನನ್ನೂ ಬೇಡದವನೇ? ಕೊಟ್ಟ ಹಣಕ್ಕೆ ತಕ್ಕ ಹಿಮ ಬೇಕು, ಕೊಂಡ ಟಿಕೆಟ್ಟಿನ ದಿನಕ್ಕೆ ಸರಿಯಾಗಿ ಆಕಾಶ ತಿಳಿಯಾಗಿರಬೇಕು, ಹಿಂತಿರುಗಿ ತೋರಿಸಲು ಚಿತ್ರ ಬೇಕು, ಸಿಕ್ಕಿದ ನಾಲ್ಕು ದಿನದ ರಜೆಯಲ್ಲಿ ಇವೆಲ್ಲವೂ ಮುಗಿಯಬೇಕು. ಹರಕೆ ಹೊತ್ತವನಾದರೂ ದೇವರು ಕೊಡದೆ ಇರಬಹುದೆಂಬುದನ್ನು ಬಲ್ಲ. ಇವನು ಬೆಟ್ಟವು ಕೊಡದಿದ್ದರೆ ಮೋಸಹೋದೆನೆಂದು ಭಾವಿಸುತ್ತಾನೆ. ಪಾವಿತ್ರ್ಯಕ್ಕೆ ಹಾನಿ ಮಾಡುವುದು ಆಟವಲ್ಲ. ತನಗಾಗಿ ಬೆಟ್ಟವು ಸಿದ್ಧವಾಗಿ ನಿಂತಿರತಕ್ಕದ್ದೆಂಬ ಈ ಹಕ್ಕುದಾರಿಕೆ. ಈ ಹಕ್ಕುದಾರಿಕೆ ಹುಟ್ಟುವುದು ಹಿಮದ ಮೇಲೆ ಕಾಲಿಟ್ಟಾಗ ಅಲ್ಲ, ಮನೆಯಲ್ಲಿ ಕುಳಿತು ಪ್ರಯಾಣದ ಯೋಜನೆ ಹಾಕುವಾಗ. ಆದುದರಿಂದ ಹಿರಿಯಾಕೆಯ ಪ್ರಶ್ನೆಗೆ ಉತ್ತರವನ್ನು ಜಪಾನಿನ ಬೆಟ್ಟದ ಮೇಲೆ ಹುಡುಕುವುದಕ್ಕಿಂತ ತೋಟದ ಮನೆಯ ಮೇಜಿನ ಮೇಲೆ, ಪಂಚಾಂಗ ಕ್ಯಾಲೆಂಡರುಗಳನ್ನು ಹರಡಿಕೊಂಡ ಆ ಸಂಜೆಗಳಲ್ಲಿ ಹುಡುಕಬೇಕೆಂದು ನನಗೆ ತೋರುತ್ತದೆ.

ಆಟಕ್ಕೆ ಕಟ್ಟಳೆಯೂ ಇರಬೇಕೆಂಬುದನ್ನು ನಮ್ಮ ಸೀಮೆಯ ಹಳ್ಳಿಗಳು ಸುಗ್ಗಿಯ ಮೂಲಕ ಬಹಳ ಹಿಂದೆಯೇ ಕಂಡುಕೊಂಡಿವೆ. ಯುಗಾದಿಯ ಆಚೀಚೆ ಬರುವ ಈ ಹಬ್ಬದಲ್ಲಿ ಗಂಡಸರು ಸುಗ್ಗಿ ಕುಣಿಯುತ್ತಾರೆ. ವಾದ್ಯವಿರುತ್ತದೆ, ಊರು ಸೇರುತ್ತದೆ, ರಾತ್ರಿ ಕಳೆಯುವುದು ತಿಳಿಯುವುದಿಲ್ಲ. ಅದು ಆಟವೇ; ಯಾರೂ ಅದನ್ನು ಬೇರೆ ಹೆಸರಿನಿಂದ ಕರೆಯಬೇಕಾಗಿಲ್ಲ. ಆದರೆ ಆ ಅವಧಿಯಲ್ಲಿ ಹಸಿ ಮರ ಕಡಿಯಕೂಡದು, ನೆಲ ಅಗೆಯಕೂಡದು ಎಂಬ ಕಟ್ಟಳೆಗಳು ಹಲವು ಊರುಗಳಲ್ಲಿವೆ. ಒಗ್ಗರಣೆ ಕೂಡ ಹಾಕದ ಊರುಗಳುಂಟು. ಊರೂರಿಗೆ ಕಟ್ಟಳೆ ಬೇರೆಯಾದರೂ ಅದರ ಹಿಂದಿನ ತಿಳಿವಳಿಕೆ ಒಂದೇ: ನಾವು ಕುಣಿಯುವ ದಿನಗಳಲ್ಲಿ ನೆಲಕ್ಕೂ ಮರಕ್ಕೂ ನಮ್ಮಿಂದ ಬಿಡುವು ಸಿಗಬೇಕು. ಕುಣಿತದ ಉತ್ಸಾಹಕ್ಕೆ ಈ ನಿರ್ಬಂಧಗಳಿಂದ ಕಿಂಚಿತ್ತೂ ಕೊರತೆಯಾಗುವುದಿಲ್ಲವೆಂಬುದನ್ನು ಸುಗ್ಗಿ ಕಂಡವರೆಲ್ಲ ಬಲ್ಲರು.

ಇದೇ ರೀತಿಯ ಒಂದು ಶಿಸ್ತು ಸಂಕಲ್ಪವಿಧಿಯಲ್ಲಿಯೂ ಅಡಗಿದೆ. ಯಾವ ಪೂಜೆಗಾದರೂ ಮೊದಲು ನಾವು ದೇಶಕಾಲಗಳನ್ನು ಸಂಕೀರ್ತನೆ ಮಾಡುತ್ತೇವೆ: ಯಾವ ಕಲ್ಪ, ಯಾವ ಯುಗ, ಯಾವ ಸಂವತ್ಸರ, ಯಾವ ಋತು, ಯಾವ ತಿಥಿ; ಯಾವ ಖಂಡ, ಯಾವ ನದಿಯ ಯಾವ ತೀರ. ಇಷ್ಟನ್ನೂ ಹೇಳಿದ ಮೇಲೆಯೇ ನನ್ನ ಹೆಸರು, ಅನಂತರ ನನ್ನ ಅಪೇಕ್ಷೆ. ತಾನು ಎಲ್ಲಿ ನಿಂತಿದ್ದೇನೆ, ಯಾವ ಕಾಲದ ಮಡಿಲಲ್ಲಿದ್ದೇನೆ ಎಂಬುದನ್ನು ಒಪ್ಪಿಕೊಳ್ಳದೆ ಏನನ್ನೂ ಬಯಸುವ ಅಧಿಕಾರ ಮನುಷ್ಯನಿಗಿಲ್ಲವೆಂಬುದು ಅದರ ತಾತ್ಪರ್ಯ. ನಮ್ಮ ಪ್ರವಾಸಗಳ ಯೋಜನೆ ಇದಕ್ಕೆ ತೀರ ವಿಪರ್ಯಾಸವಾಗಿ ನಡೆಯುತ್ತದೆ. ಮೊದಲು ಅಪೇಕ್ಷೆ, ಅನಂತರ ಹಣ, ಋತುವೂ ನೆಲವೂ ಕಟ್ಟಕಡೆಗೆ.

ಕಾಫಿ ಬೆಳೆಯುವವನಿಗೆ ಮಾತ್ರ ಈ ಪಾಠವನ್ನು ಯಾರೂ ಹೇಳಿಕೊಡಬೇಕಾಗಿಲ್ಲ, ಏಕೆಂದರೆ ಅವನ ವರ್ಷವೇ ಹೂಮಳೆಯ ಅಧೀನ. ಫೆಬ್ರವರಿ ಮಾರ್ಚಿಯಿಂದ ಅವನು ಆಕಾಶವನ್ನು ನೋಡುತ್ತಿರುತ್ತಾನೆ. ಒಂದು ಹದವಾದ ಮಳೆ ಬಿದ್ದರೆ ಎಂಟು ಹತ್ತು ದಿನಗಳಲ್ಲಿ ಗಿಡದ ಕೊಂಬೆಯುದ್ದಕ್ಕೂ ಹೂವು ಬಿರಿದು ತೋಟಕ್ಕೆ ತೋಟವೇ ಬೆಳ್ಳಗಾಗುತ್ತದೆ. ಅರಳಿದ ಹೊತ್ತಿಗೇ ಮಳೆ ಬಂದರೆ ಪರಾಗ ತೊಳೆದುಹೋಗುವ ಭಯ. ಸುಮಾರು ಮೂರು ವಾರದೊಳಗೆ ಎರಡನೆಯ ಬ್ಯಾಕಿಂಗ್ ಮಳೆ ಬಾರದಿದ್ದರೆ ಕಾಯಿ ಕಟ್ಟದ ಭಯ. ಕೆರೆಯಲ್ಲಿ ನೀರಿದ್ದವರು ಸ್ಪ್ರಿಂಕ್ಲರ್ ಹಾಯಿಸಿ ರೊಬಸ್ಟಾಕ್ಕೆ ಮಳೆಯನ್ನು ತಾವೇ ಮಾಡಿಕೊಳ್ಳುತ್ತಾರೆ. ಆಗಲೂ ಡೀಸೆಲ್ಲಿನ ಎಂಜಿನ್ನು ರಾತ್ರಿಯೆಲ್ಲ ನಡೆಯುವಾಗ ಪೈಪು ಬದಲಿಸುವ ಆಳುಗಳು ಆನೆಯ ಸುದ್ದಿಯನ್ನು ವಿಚಾರಿಸಿಕೊಂಡೇ ತೋಟಕ್ಕಿಳಿಯಬೇಕು. ಆಲೂರು ಸಕಲೇಶಪುರಗಳ ಕಾಡು ಮತ್ತು ತೋಟ ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ, ಇಲ್ಲಿ ಯಾರ ಬೆಳಗೂ ಸಂಪೂರ್ಣವಾಗಿ ಅವರ ಸ್ವಂತದ್ದಲ್ಲ. ಮೈಸೂರು ದಸರೆಯಲ್ಲಿ ಎಂಟು ಸಲ ಅಂಬಾರಿ ಹೊತ್ತ ಅರ್ಜುನನಂತಹ ಆನೆಯೇ 2023ರ ಡಿಸೆಂಬರ್ 4ರಂದು ಯಸಳೂರಿನ ಕಾಡಿನಲ್ಲಿ, ಕಾಡಾನೆ ಸೆರೆಯ ಕಾರ್ಯಾಚರಣೆಯಲ್ಲಿ ಒಂಟಿ ಸಲಗದೊಡನೆ ಹೋರಾಡುತ್ತ ಪ್ರಾಣಬಿಟ್ಟಿತು. ಬೆಟ್ಟಕ್ಕೆ ತನ್ನದೇ ಆದ ಇಚ್ಛೆಯುಂಟೆಂಬುದು ಇಲ್ಲಿಯವರಿಗೆ ಕವಿಸಮಯವಲ್ಲ, ದಿನಚರಿ.

ಇಷ್ಟನ್ನು ಬಲ್ಲವರು ಗಸ್ಸಾನಿನ ಮುಂದೆ ಅಪರಿಚಿತರಾಗಿ ನಿಲ್ಲಬೇಕಾಗಿಲ್ಲ. ಹಾಗುರೋದ ತಪಸ್ವಿಗಳ ಜೊತೆಯಲ್ಲಿ ಸಾಧನೆಗೆ ಹೊರಟ ಹೊಸಬನು ಮುಂದಾಳು ಏನನ್ನು ಹೇಳಿದರೂ ಕೊಡತಕ್ಕ ಉತ್ತರ ಒಂದೇ, ಅಂಗೀಕರಿಸಿದೆ, ಎಂದು. ಈಗ ಹತ್ತು ಎಂದರೂ ಅಂಗೀಕಾರ, ಇಲ್ಲಿಂದ ಹಿಂದಿರುಗು ಎಂದರೂ ಅಂಗೀಕಾರ. ಸ್ಕೀ ಆಡುವವನಿಗೆ ಈ ವ್ರತವನ್ನು ಯಾರೂ ವಿಧಿಸಿಲ್ಲ. ಆದರೆ ಹಿಮ ವಿಧಿಸುತ್ತದೆ. ವಸಂತದ ಹಿಮ ರಾತ್ರಿ ಗಟ್ಟಿಯಾಗಿ ಹಗಲು ಬಿಸಿಲಿಗೆ ಮೆತ್ತಗಾಗುವಂಥದು. ಬೆಳಗ್ಗೆ ಜಾರಬಹುದಾದ ಇಳಿಜಾರು ಮಧ್ಯಾಹ್ನದ ಹೊತ್ತಿಗೆ ಕಾಲನ್ನು ಹಿಡಿದುಕೊಳ್ಳುವುದುಂಟು, ಬಿರುಕುಬಿಟ್ಟು ಕುಸಿಯುವುದೂ ಉಂಟು. ಶರೀರವು ಆ ನೆಲದ ಬಾಗನ್ನು ಅನುಸರಿಸದೆ ಒಂದು ಗಜವನ್ನೂ ಇಳಿಯಲಾರದು. ಚೆನ್ನಾಗಿ ಆಡುವುದೆಂದರೆ ಅಲ್ಲಿ ಪರ್ವತದ ಆಜ್ಞೆಗೆ ಮೈಯೆಲ್ಲ ಕಿವಿಯಾಗುವುದು. ಹಿರಿಯಾಕೆ ಹೆದರಿದಂತೆ ಅದು ದೇವರ ಬೆಟ್ಟಕ್ಕೆ ಅಪಚಾರವಾಗಲಾರದೆಂದು ನಾನು ನಿಸ್ಸಂಶಯವಾಗಿ ನಂಬುತ್ತೇನೆ.

ಆದರೂ ನನ್ನ ಮನಸ್ಸಿನಲ್ಲಿ ಒಂದು ಮುಳ್ಳು ಉಳಿದಿದೆ. ಅದನ್ನು ಮರೆಮಾಚಿ ಈ ಬರೆಹವನ್ನು ಮುಗಿಸುವುದು ಸರಿಯಲ್ಲ. ವಿಮಾನದಲ್ಲಿ ಅಷ್ಟು ದೂರ ಹೋಗುವಾಗ ಸುಡುವ ಇಂಧನವು ಭೂಮಿಯನ್ನು ಬಿಸಿ ಮಾಡುವುದರಲ್ಲಿ ಪಾಲುಗೊಳ್ಳುತ್ತದೆ. ಆ ಬಿಸಿ ಹಿಮವನ್ನು ಕರಗಿಸುತ್ತದೆ, ಇಲ್ಲಿ ಮಳೆಯ ನಡೆಯನ್ನು ಕದಡುತ್ತದೆ. ಸುಗ್ಗಿಯ ಕಟ್ಟಳೆಯನ್ನು ಅಕ್ಷರಶಃ ಅನ್ವಯಿಸಿದರೆ ಈ ಪ್ರಯಾಣವೇ ಕೂಡದೆಂದಾಗಬಹುದು. ಹೋಗಲೇಬೇಡಿರೆಂದು ಹೇಳುವ ಧೈರ್ಯ ನನಗಿಲ್ಲ, ಏಕೆಂದರೆ ದೂರದ ಬೆಟ್ಟವೊಂದನ್ನು ಪ್ರೀತಿಸಿ ಬಂದವನು ತನ್ನ ಬೆಟ್ಟವನ್ನೂ ಬೇರೆಯ ಕಣ್ಣಿನಿಂದ ನೋಡುವುದನ್ನು ನಾನು ಕಂಡಿದ್ದೇನೆ. ಎಷ್ಟು ಸಲ ಬೇಕಾದರೂ ಹೋಗಿರೆಂದು ಹೇಳಲೂ ಬಾಯಿ ಬರುವುದಿಲ್ಲ. ಹೋಗುವುದಾದರೆ ಅಪರೂಪಕ್ಕೆ, ಜನ್ಮದಲ್ಲೊಮ್ಮೆ ಕಾಶಿಗೆ ಹೋಗುತ್ತಿದ್ದ ನಮ್ಮ ಹಿರಿಯರಂತೆ, ಸಾಕಷ್ಟು ದಿನಗಳನ್ನು ತೆಗೆದಿಟ್ಟುಕೊಂಡು ಹೋಗಬೇಕು ಎಂಬಷ್ಟಕ್ಕೆ ನನ್ನ ವಿವೇಕ ನಿಲ್ಲುತ್ತದೆ.

ಆ ಮನೆಯವರು ನನ್ನನ್ನು ಕೇಳಿದುದರಿಂದ ಯೋಜನೆಯ ಬಗ್ಗೆ ನಾಲ್ಕು ಮಾತು ಹೇಳಿದ್ದೇನೆ. ಬ್ಯಾಕಿಂಗ್ ಮಳೆ ಬಿದ್ದು ತೋಟ ನೆಮ್ಮದಿಗೆ ಬಂದ ಮೇಲೆಯೇ ಹೊರಡಬೇಕು. ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದವರೆಗೆ ಜಪಾನಿನಲ್ಲಿ ಸಾಲುರಜೆಗಳಾದ್ದರಿಂದ ಆ ನೂಕುನುಗ್ಗಲು ಕಳೆದು ಮೇ ಎರಡನೆಯ ವಾರವಾದರೆ ಎರಡು ಬೆಟ್ಟಗಳಿಗೂ ಒಪ್ಪಿತವಾಗುತ್ತದೆ. ಲೈನ್ ಮನೆಗಳ ಆಳುಗಳಿಗೂ ರೈಟರಿಗೂ, ಯಜಮಾನರು ಆಟಕ್ಕೆ ಹೋದ ದಿನಗಳಲ್ಲಿ ತಮಗೆ ಕೆಲಸ ಹೆಚ್ಚಾಯಿತೆನಿಸದಂತೆ, ಮಳೆಗಾಲಕ್ಕೆ ಮುಂಚಿನ ಒಂದಿಷ್ಟು ಬಿಡುವು ಸಂಬಳಸಹಿತ ಸಿಗಬೇಕು. ಗಸ್ಸಾನಿನ ಬುಡದಲ್ಲಿ ಶಿಜು ಎಂಬ ಬಿಸಿನೀರಿನ ಊಟೆಗಳ ಹಳ್ಳಿಯಿದೆ. ಅಲ್ಲಿ ತಂಗುವ ದಿನಗಳಲ್ಲಿ ಎರಡನ್ನಾದರೂ ಯಾವ ಕಾರ್ಯಕ್ರಮವನ್ನೂ ಬರೆಯದೆ ಖಾಲಿ ಬಿಡಬೇಕು. ಶಿಖರದ ಗುಡಿ ತೆರೆಯುವುದು ಜುಲೈ 1ಕ್ಕೆ. ಮೇ ತಿಂಗಳಲ್ಲಿ ಅದು ಹಿಮದಲ್ಲಿಯೇ ಇರುತ್ತದೆ, ಅದನ್ನು ನೋಡಲೇಬೇಕೆಂಬ ಹಟ ಬೇಡ. ಹಿಮದಿಂದ ಗಸ್ಸಾನ್ ಯುದೊನೊಗಳಿಗೆ ಹೋಗಲಾಗದ ತಿಂಗಳುಗಳಲ್ಲಿಯೂ ಭಕ್ತರ ಪೂಜೆ ನಿಲ್ಲಬಾರದೆಂದೇ ಹಾಗುರೋದ ಮೇಲೆ, ಮೂರು ದೇವತೆಗಳನ್ನೂ ಒಂದೇ ಸೂರಿನಡಿ ನೆಲೆಗೊಳಿಸಿದ, ದಪ್ಪನೆಯ ಹುಲ್ಲು ಹೊದಿಕೆಯ ದೇವಾಲಯವಿದೆ. ಮುಗಿಲೆತ್ತರದ ಸುಗಿ ಮರಗಳ ನಡುವೆ 2,446 ಕಲ್ಲಿನ ಮೆಟ್ಟಿಲುಗಳನ್ನು ಹತ್ತಿ ಅಲ್ಲಿಗೆ ಹೋಗಬೇಕು. ಮೊದಲ ದಿನ ಅಲ್ಲಿಗೆ ಹೋಗಿ ಕೈಮುಗಿದು, ಸ್ಕೀ ಹಲಗೆಗಳನ್ನು ಆಮೇಲೆ ಬಾಡಿಗೆಗೆ ಪಡೆಯಲಿ. ಗಸ್ಸಾನ್ ಮೋಡದಲ್ಲಿಯೇ ಉಳಿದರೆ ಹಾಗುರೋವನ್ನೇ ಇನ್ನೊಮ್ಮೆ ಹತ್ತಲಿ. ಹಾಗೆ ಆದರೂ ಯಾತ್ರೆ ಪೂರ್ಣವೇ ಎಂದು ಮಕ್ಕಳಿಗೆ ಹೊರಡುವ ಮುನ್ನವೇ ತಿಳಿಸಿ ಹೇಳಿರಬೇಕು.